ಕ್ಲಿಫರ್ಡರ ಸ್ಪೀಕರ್ ಫೋನು

"ಕ್ಲಿಫರ್ಡರು ಬಾಯಿ ತೆರೆದರೆ ವಿಮಾನದ ಹೊಟ್ಟೆ ತೆರೆಯುತ್ತದೆ" ಎಂದು ಕಡಲಾಚೆಯ ಎಂಬಕಸಿಯಲ್ಲಿ, ವಿಮಾನ ನಿಲ್ದಾಣದ ಬಳಿಯ ಕಂಪನಿ ಕ್ವಾರ್ಟರ್ಸಿನ ನೆರೆಹೊರೆಯವರು ನಗುತ್ತಿದ್ದರು. ಸುಳ್ಳೇನಲ್ಲ. ಸರಕು ಸಾಗಣೆ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಫೋನು ಹಿಡಿದೇ ಬದುಕಿದವರು ಅವರು. ಯಾವ ಪೆಟ್ಟಿಗೆ ಗೋದಾಮಿನ ಯಾವ ಮೂಲೆಯಲ್ಲಿದೆ ಎಂದು ಕೂತಲ್ಲಿಂದಲೇ ಹೇಳುತ್ತಿದ್ದರು.

ಅಂಥವರ ಮೇಲೆ ಒಂದು ದಿನ ಗೋದಾಮಿನ ಅಟ್ಟಣಿಗೆ ಕುಸಿಯಿತು. ಜೀವ ಉಳಿಯಿತು, ನಡೆಯಲು ಕಾಲೂ ಉಳಿಯಿತು. ಕೈಬೆರಳುಗಳು ಮಾತ್ರ ಏನನ್ನೂ ಹಿಡಿಯಲೊಲ್ಲವು.

ಮೇಲಧಿಕಾರಿ ರಾಜೀವ್, ಬೆಂಗಳೂರಿನವನು, ಮನೆಗೇ ಬಂದ. "ಸರ್, ಒಂದು ವಾರ ಆಫೀಸ್ ಕಾಲ್ ಎಲ್ಲಾ ನಿಮ್ಮ ಲ್ಯಾಂಡ್‌ಲೈನಿಗೆ ತಿರುಗಿಸ್ತೀನಿ. ವಾರ ಸರಿಯಾಗಿ ಹೋದ್ರೆ ಕೆಲಸ ನಿಮ್ದೇ, ಈ ಮನೇನೂ ನಿಮ್ದೇ." ಹೋಗದಿದ್ದರೆ ಕ್ವಾರ್ಟರ್ಸ್ ಬಿಡಬೇಕು ಎಂಬುದನ್ನು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ.

ಹೆಂಡತಿ ಸಲೋಮಿ ಸ್ಪೀಕರ್ ಫೋನು ತಂದಳು. ಬೆರಳ ಗೆಣ್ಣಿನಿಂದಲೇ ಒತ್ತಬಹುದಾದ ದೊಡ್ಡ ಗುಂಡಿ. ಲೈನಿನ ವಯರು ಗೋಡೆಗೆ, ಅಡಾಪ್ಟರು ಸಾಕೆಟ್ಟಿಗೆ. ಕರೆಂಟು ಹೋದಾಗ ಸ್ಪೀಕರು ಮಾತಾಡಲೆಂದು ತಳದಲ್ಲಿ ನಾಲ್ಕು ಬ್ಯಾಟರಿ.

"ಬ್ಯಾಟರಿ ತೆಗಿ," ಎಂದರು ಕ್ಲಿಫರ್ಡ್.

"ಎಂತಕ್ಕೆ? ಇದೇನು ದುಬೈಗೆ ಹಾರ್ತದಾ?"

"ಬ್ಯಾಟರಿ ಒಳಗಿದ್ದ ಒಂದು ಮಾಲನ್ನೂ ನಾನು ಈವರೆಗೆ ವಿಮಾನಕ್ಕೆ ಬಿಟ್ಟದ್ದಿಲ್ಲ ಮಾರಾಯ್ತಿ. ಪೆಟ್ಟಿಗೆಯಿಂದ ಹೊಗೆ ಎದ್ದದ್ದು ಕಣ್ಣಾರೆ ನೋಡಿದ್ದೇನೆ. ಅಡಾಪ್ಟರ್ ಉಂಟಲ್ಲ, ಸಾಕು."

ಇಪ್ಪತ್ತೆರಡು ವರ್ಷದ ಅಭ್ಯಾಸದೊಡನೆ ಜಗಳವಾಡಿ ಗೆದ್ದವರುಂಟೇ? ಸಲೋಮಿ ಗೊಣಗುತ್ತಲೇ ತೆಗೆದಿಟ್ಟಳು.

ನಾಲ್ಕು ದಿನ ಮನೆಯೇ ಆಫೀಸಾಯಿತು. "ಕ್ಲಿಫರ್ಡ್, ಗೇಟ್ ಯಾವುದು?" ಎಂದು ಲಾರಿಯವರು ಕೂಗುವುದು, ಇವರು ಹೇಳುವುದು, "ಸವಾ ಸವಾ!", ಸರಿ ಸರಿ, ಎಂದು ಆಚೆಯಿಂದ ನಗು. ಬಹಳ ದಿನದ ಮೇಲೆ ಕ್ಲಿಫರ್ಡ್ ಊಟದಲ್ಲಿ ಎರಡನೆಯ ಸಲ ಅನ್ನ ಕೇಳಿದರು.

ಐದನೆಯ ದಿನ ಸಲೋಮಿ ಶಾಲೆಯ ಕೆಲಸಕ್ಕೆ ಹೋದ ಮೇಲೆ, ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಲೈನಿನ ವಯರಿನ ಬಲದಲ್ಲಿ ಫೋನು ಮಾತ್ರ ರಿಂಗಾಯಿತು. ಗುಂಡಿ ಒತ್ತಿದರು, ಸ್ಪೀಕರು ಸತ್ತಿತ್ತು. ಗಲ್ಲದಿಂದ ರಿಸೀವರನ್ನು ತಳ್ಳಿದರು. ಅದು ಮೇಜಿನಿಂದ ಜಾರಿ ಸುರುಳಿ ವಯರಿನಲ್ಲಿ ನೇತಾಡಿತು. ಮೊಣಕಾಲೂರಿ, ಕಿವಿಯನ್ನು ಅದಕ್ಕೆ ಒತ್ತಿಕೊಂಡರು.

"ಸರ್, ಬಾವಿಯೊಳಗಿಂದ ಮಾತಾಡ್ತಿದೀರಾ?" ರಾಜೀವ್ ನಕ್ಕ. "ಮೀನಿನ ಲೋಡ್ ಬಂದಿದೆ, ಐಸ್ ಕರಗೋ ಮುಂಚೆ ಹಾರಬೇಕು. ಫೋನ್ ಹತ್ರಾನೇ ಇರಿ, ಕಾಗದದ ನಂಬರ್ ಕೇಳೋಕೆ ಮತ್ತೆ ಮಾಡ್ತೀನಿ, ಅದಿಲ್ದೆ ಲೋಡ್ ಹಾರಲ್ಲ."

ರಿಸೀವರು ಎತ್ತಿಡಲು ಬೆರಳಿಗೆ ಹಿಡಿತವಿಲ್ಲ; ಕರೆ ಮುಗಿದರೆ ಎದ್ದು, ಅದು ಕೂರುವ ಜಾಗದಲ್ಲಿ ಲೈನು ಕಡಿಯುವ ಗುಂಡಿಯನ್ನು ಮುಂದಿನ ರಿಂಗಿನವರೆಗೆ ಗೆಣ್ಣಿನಿಂದ ಅದುಮಿ ಹಿಡಿಯಬೇಕು. ರಿಂಗಾದರೆ ಬಿಟ್ಟು ಮೊಣಕಾಲೂರಬೇಕು. ಹಾಗೆ ಮೂರು ಕರೆ ನಡೆಸಿದರು. ನಾಲ್ಕನೆಯದಕ್ಕೆ ಕಾಯುವಾಗ ತೋಳು ಸೋತು ಜಾರಿತು, ಆಯತಪ್ಪಿ ನೆಲಕ್ಕೆ ಬಿದ್ದರು. ಬಿದ್ದಲ್ಲಿಂದ ಕೈಯೂರಿ ಎದ್ದೇಳಲು ಆಗಲಿಲ್ಲ. ಲೈನು ತೆರೆದೇ ಇತ್ತು. ಆಚೆಯಲ್ಲಿ ರಾಜೀವನಿಗೆ ಎಷ್ಟು ಸಲ ಹಚ್ಚಿದರೂ ಎಂಗೇಜು.

ಎರಡು ಗಂಟೆಗೆ ಬಂದ ಸಲೋಮಿ ಗಂಡ ನೆಲದ ಮೇಲಿರುವುದನ್ನು ಕಂಡಳು. ಮೀನು ಅಷ್ಟರಲ್ಲಿ ಬಿಸಿಲಿಗೆ ಕೆಟ್ಟಿತ್ತು.

"ನಾನೇ ಹೇಳಿ ತೆಗೆಸಿದ್ದು," ಎಂದರು ಕ್ಲಿಫರ್ಡ್. ಅವಳು ಬೈಯದೆ ತೋಳು ಹಿಡಿದು ಎಬ್ಬಿಸಿದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವರಿಗೆ.

ರಾಜೀವ್ ಕೆಲಸದಿಂದ ಬಿಡಿಸಿದ ಪತ್ರ ತಂದುಕೊಟ್ಟು, ಕೂರದೆ ಹೋದ. ತಿಂಗಳ ಕೊನೆಗೆ ಸಲೋಮಿಯ ತಮ್ಮ ಜಾಯ್ಸನ್ ಸ್ಪ್ರಿಂಗ್ ವ್ಯಾಲಿ ಬಡಾವಣೆಯ ತನ್ನ ಹಿತ್ತಲ ಕೋಣೆಗೆ ಇಬ್ಬರನ್ನೂ ಕರೆದೊಯ್ಯಲು ಗಾಡಿ ತಂದ. ನೆರೆಯವರು ಸಾಲಾಗಿ ನಿಂತಿದ್ದರು. ಯಾರೂ ತಮಾಷೆ ಮಾಡಲಿಲ್ಲ.

ಹೊಸ್ತಿಲಲ್ಲಿ ಸಲೋಮಿ ತೋಳು ಹಿಡಿದಳು.

"ಬಿಡು, ಕಾಲು ಸರಿ ಉಂಟು ನನಗೆ," ಎಂದು ಕ್ಲಿಫರ್ಡ್ ತಾವೇ ಇಳಿದು ಗೇಟು ದಾಟಿದರು.