ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪಕ್ಕದ ಬೆಂಚಿನವರು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಎಸ್ಸೆಸ್ಸೆಲ್ಸಿ ಬರೆದದ್ದು ಯಲಹಂಕದ ಒಂದು ಹೈಸ್ಕೂಲಿನಲ್ಲಿ. ರಾಜಾನುಕುಂಟೆಯಲ್ಲಿ ಬಸ್ಸು ಹತ್ತಿಸುವಾಗ ಅಮ್ಮ, "ಉಷಾರಾಗಿ ಬರಿ, ಅತ್ತಿತ್ತ ನೋಡ್ಬ್ಯಾಡ" ಅಂದಿದ್ದಳು. ನನಗೆ ಆಗದ ಕೆಲಸ ಅಂದರೆ ಅದೊಂದೇ.

ಮೊದಲ ದಿನ ಕನ್ನಡ ಪೇಪರು. ನಾವೆಲ್ಲ ಕೂತಾಗಿತ್ತು. ನಲವತ್ತರ ಹತ್ತಿರದ ಒಬ್ಬರು ಹೆಂಗಸು, ಇಳಕಲ್ ಸೀರೆ ಉಟ್ಟವರು, ಬಾಗಿಲಲ್ಲಿ ಕಾಣಿಸಿಕೊಂಡರು. ಮೇಡಂ ಬಂದರೆಂದು ಇಡೀ ರೂಮು ಎದ್ದು ನಿಂತಿತು.

"ಕೂಡ್ರಿ, ಕೂಡ್ರಿ. ನಾನೂ ಬರಿಯಾಕ ಬಂದೀನಿ" ಅಂತ ನಗುತ್ತ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕೂತರು. ನಮ್ಮ ಶಾಲೆಯ ಕೊನೇ ನಂಬರು ನನ್ನದು. ಅದರ ನಂತರದ್ದೆಲ್ಲ ಖಾಸಗಿಯಾಗಿ ಪರೀಕ್ಷೆ ಕಟ್ಟಿದವರದು.

ಪ್ರಶ್ನೆಪತ್ರಿಕೆ ಬಂದಮೇಲೂ ಕಣ್ಣು ಅವರ ಕಡೆಗೇ ಎಳೆಯುತ್ತಿತ್ತು. ಬಳೆ ಸದ್ದಾಗದಿರಲೆಂದು ಮೇಲಕ್ಕೇರಿಸಿ ಕರವಸ್ತ್ರ ಕಟ್ಟಿದ್ದರು. ಪ್ರತಿ ಉತ್ತರಕ್ಕೂ ಮುಂಚೆ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ಯಾರಿವರು? ಈ ವಯಸ್ಸಲ್ಲಿ ಯಾಕೆ? ಇವತ್ತು ಇವರ ಮನೇಲಿ ಅಡುಗೆ ಯಾರು ಮಾಡ್ತಾರೆ?

ಮೇಲ್ವಿಚಾರಕರು ಬಂದು ನನ್ನ ಬೆಂಚು ಕುಟ್ಟಿದರು. "ಪಕ್ಕದ ಪೇಪರ್ ಏನ್ ನೋಡ್ತಿದೀಯಾ? ಎದ್ದೇಳು."

ನಾನು ಪೆನ್ನು ಹಿಡಿದುಕೊಂಡೇ ಎದ್ದೆ. ಅಷ್ಟರಲ್ಲಿ ಆ ಹೆಂಗಸೂ ಎದ್ದು ನಿಂತರು. "ಸರ್, ಆಕಿ ನನ್ನ ಪೇಪರ್ ನೋಡಾಕತ್ತಿಲ್ರಿ. ನನ್ನ ನೋಡಾಕತ್ತಾಳ."

ರೂಮೆಲ್ಲ ಗೊಳ್ಳೆಂದಿತು. ಮೇಲ್ವಿಚಾರಕರು ನಮ್ಮಿಬ್ಬರ ಉತ್ತರಗಳನ್ನು ಪಕ್ಕಪಕ್ಕ ಹಿಡಿದು ನೋಡಿದರು. ನಾನು ವ್ಯಾಕರಣದಲ್ಲಿದ್ದೆ, ಅವರಿನ್ನೂ ಪದ್ಯದಲ್ಲಿದ್ದರು. ಪೇಪರುಗಳನ್ನು ವಾಪಸ್ ಕೊಟ್ಟು ಮುಂದೆ ಹೋದರು.

ಬೆಲ್ ಆದಮೇಲೆ ನಲ್ಲಿ ಹತ್ತಿರ ಅವರನ್ನು ಹಿಡಿದೆ. "ಅಕ್ಕಾ, ಪಾಸಾದ್ರೆ ಕೆಲ್ಸ ಸಿಗುತ್ತಾ?"

"ಕೆಲ್ಸ ಯಾರಿಗೆ ಬೇಕಾಗೇತವಾ? ಒಂಬತ್ತನೇ ಕ್ಲಾಸಿನಾಗ ಇದ್ದಾಗ ಲಗ್ನ ಮಾಡಿದ್ರು. ಚರಿತ್ರೆ ಪುಸ್ತಕ ಅರ್ಧಕ್ಕ ನಿಂತಿತ್ತು. ಮುಂದ ಏನಾತು ಅನ್ನೋದು ಇಷ್ಟು ವರ್ಷ ತಲ್ಯಾಗ ಕೊರೀತಿತ್ತು."

ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ. ಮಗಳು ಹತ್ತನೇ ಕ್ಲಾಸಿಗೆ ಬಂದಾಗ ಅವಳ ಪುಸ್ತಕಗಳನ್ನೇ ಓದಿ ಪರೀಕ್ಷೆ ಕಟ್ಟಿದ್ದರು. ಆ ಮಗಳೂ ಮಹಡಿ ಮೇಲಿನ ರೂಮಿನಲ್ಲಿ ಬರೆಯುತ್ತಿದ್ದಳು. "ಆಕಿಗೆ ನಾಚಿಕಿ. ಗೇಟ್ ಬಂದ ಕೂಡ್ಲೆ ನನ್ನ ಬಿಟ್ಟು ಮುಂದ ಓಡ್ತಾಳ" ಅಂತ ನಕ್ಕರು.

ಗಣಿತದ ದಿನ ಇಬ್ಬರೂ ಬೇಗ ಬಂದೆವು. ಮೈದಾನದ ಮಣ್ಣಲ್ಲಿ ಕಡ್ಡಿಯಿಂದ ಒಂದು ತ್ರಿಕೋನ, ಅದರೊಳಗೆ ತಳಕ್ಕೆ ಸಮಾಂತರವಾಗಿ ಒಂದು ಗೆರೆ ಗೀರಿ, ಬಾಯಿಪಾಠವಾಗಿದ್ದ ಪ್ರಮೇಯವನ್ನು ಗಡಗಡ ಒಪ್ಪಿಸಿದೆ. ಅವರು ಪ್ರತಿ ಸಾಲಿಗೂ "ಯಾಕ?" ಅಂದರು. ಮೂರನೇ "ಯಾಕ"ಕ್ಕೆ ಕಡ್ಡಿ ಕೆಳಗಿಟ್ಟೆ. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಆ ಚಿತ್ರವನ್ನು ನೋಡಿದೆವು. ಚಿಕ್ಕ ತ್ರಿಕೋನವೂ ದೊಡ್ಡದೂ ಒಂದೇ ಆಕಾರದವು ಅಂತ ನನಗೆ ನಿಜವಾಗಿ ಕಂಡದ್ದು ಆಗಲೇ. ವರ್ಷವಿಡೀ ಬರೆದಿದ್ದೆ, ನೋಡಿರಲಿಲ್ಲ.

ಫಲಿತಾಂಶ ಬಂದಾಗ ನಾನೂ ಪಾಸು, ಅವರ ಮಗಳೂ ಪಾಸು. ಅವರಿಗೆ ಗಣಿತ ಹೋಗಿತ್ತು. ನೋಟಿಸ್ ಬೋರ್ಡಿನ ಮುಂದೆ ಅತ್ತವಳು ಮಗಳು. ಅವರು ಸೆರಗಿನಿಂದ ಅವಳ ಮುಖ ಒರೆಸಿ, "ಅಕ್ಟೋಬರ್‌ನಾಗ ಮತ್ತ ಕಟ್ಟೋಣೇಳು" ಅಂದರು.

ಆ ವರ್ಷದ ಕೊನೆಗೆ ಯಲಹಂಕದ ಬಸ್‌ಸ್ಟ್ಯಾಂಡಿನಲ್ಲಿ ಆ ಮಗಳು ಸಿಕ್ಕಳು. ನಾನು ಕೇಳುವ ಮೊದಲೇ, "ನಮ್ಮವ್ವ ಪಾಸಾದ್ಲು" ಅಂದಳು. ಆಮೇಲೆ ಮುಖ ಗಂಟು ಹಾಕಿಕೊಂಡು, "ಈಗ ನನ್ನ ಪಿಯುಸಿ ಪುಸ್ತಕ ನನ್ನ ಕೈಗೇ ಸಿಗವಲ್ವು" ಅಂತ ದೂರು ಹೇಳಿದಳು.