ಉಲಿಯಕ್ಕಿ ಯಾವ ಕಡೆ?

ಡಿಸೆಂಬರ್ ಶುರುವಿನ ಒಂದು ಬೆಳಿಗ್ಗೆ ಎಡಗಿವಿಗೆ ಫೋನ್ ಇಟ್ಟುಕೊಂಡೆ. ಸದ್ದೇ ಇಲ್ಲ. ಹಾಳಾದ್ದು ಕೆಟ್ಟಿತೆಂದು ಬೈದುಕೊಂಡು ಬಲಗಿವಿಗೆ ಇಟ್ಟೆ. ತಂಗಿ ಹಲೋ ಹಲೋ ಎಂದು ಕಿರುಚುತ್ತಿದ್ದಳು.

ಕೆಟ್ಟಿದ್ದು ಫೋನಲ್ಲ.

ಶೀತಕ್ಕೇ ಹೀಗಾಗಿದೆ ಎಂದು ಅತ್ತೆ ತೀರ್ಮಾನಿಸಿದರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಆರಿಸಿ ಕಿವಿಗೆ ಬಿಟ್ಟರು. “ಇಂಗೇ ಮಲ್ಕೊ, ನಾಳೀಕೆ ಸರಿಯೋಯ್ತದೆ.” ಮಾಕಳಿಯ ನಮ್ಮ ಮನೆಯಲ್ಲಿ ಕಿವಿ ಅಂದರೆ ಎಣ್ಣೆ. ನನ್ನ ಗಂಡನಿಗೂ ಅದೇ, ಬಾಡಿಗೆಗಿರುವವರ ಮಕ್ಕಳಿಗೂ ಅದೇ. ನಾನೂ ಸುಮ್ಮನೆ ಮಲಗಿದೆ. ವಾರ ಹೀಗೇ ಕಳೆಯಿತು.

ಕೊನೆಗೆ ಆಸ್ಪತ್ರೆಗೆ ಹೋದೆ. ಕಿವಿ ಪರೀಕ್ಷೆಯ ಆಡಿಯೋಗ್ರಾಂ ನೋಡಿದ ಇಎನ್‌ಟಿ ಡಾಕ್ಟರ್ ಹೇಳಿದರು: “ಇದು ನರದ ತೊಂದರೆ ಮೇಡಂ, ಸಡನ್ ಹಿಯರಿಂಗ್ ಲಾಸ್. ಮೊದಲ ದಿನವೇ ಬರಬೇಕಿತ್ತು.”

ಸ್ಟೆರಾಯ್ಡ್ ಮಾತ್ರೆ. ಆಮೇಲೆ ಕಿವಿಯೊಳಕ್ಕೇ ಇಂಜೆಕ್ಷನ್. ಕೇಳಿಸುವುದು ವಾಪಸ್ ಬರಬಹುದು, ಬರದೆಯೂ ಇರಬಹುದು. ಅಂದಿನಿಂದ ಅತ್ತೆ ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟರು. ನನಗೂ ಅವರ ಮೇಲೆ ಕೋಪವಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಪೀಣ್ಯದ ಕಾರ್ಖಾನೆಯಲ್ಲಿ ನನ್ನದು ಕ್ವಾಲಿಟಿ ಇನ್‌ಸ್ಪೆಕ್ಷನ್ ಕೆಲಸ. ಕಣ್ಣಿದ್ದರೆ ನಡೆಯುತ್ತದೆ. ಸಂಕಟವಾದದ್ದು ನನ್ನ ಹಕ್ಕಿ ನೋಡುವ ಹುಚ್ಚಿಗಾಗಿ. ಚಳಿಗಾಲಕ್ಕೆ ನಮ್ಮ ಕೆರೆಯಂಚಿನ ಹೊಂಗೆ ಮರಗಳಿಗೆ ಹಿಮಾಲಯದ ಕಡೆಯಿಂದ ಹಸಿರು ಉಲಿಯಕ್ಕಿ ಬರುತ್ತದೆ. ಹಿಡಿಯಲ್ಲಿ ಅಡಗುವಷ್ಟು ಚಿಕ್ಕದು, ಎಲೆಯದೇ ಬಣ್ಣ. ಕೂಗು ಬಂದ ಕಡೆ ಕಣ್ಣು ಹಾಯಿಸಿದರೆ ಮಾತ್ರ ಸಿಗುತ್ತದೆ. ಒಂದೇ ಕಿವಿಯಿದ್ದರೆ ಕೂಗು ಕೇಳಿಸುತ್ತದೆ, ದಿಕ್ಕು ತಿಳಿಯುವುದಿಲ್ಲ. ಇದು ನನಗೆ ಅರ್ಥವಾಗಿದ್ದು ಹೊಸವರ್ಷದ ದಿನ.

ಪ್ರತಿ ಜನವರಿ ಒಂದಕ್ಕೆ ನಾವು ನಾಲ್ಕೈದು ಗೆಳತಿಯರು ಹಕ್ಕಿ ನೋಡುತ್ತಾ ಕೆರೆ ಸುತ್ತುತ್ತೇವೆ. ಕಿವಿ ಕೆಟ್ಟಾಗಿನಿಂದ ಆಗಾಗ ತಲೆ ಸುತ್ತುತ್ತಿದ್ದ ನಾನು ಎಲ್ಲಾದರೂ ಬಿದ್ದೇನೆಂಬ ಭಯಕ್ಕೆ ಈ ಸಲ ಅತ್ತೆಯೂ ಹೊರಟರು. ಏರಿಯ ಮೇಲೆ ಮಂಜಿತ್ತು. ಚಿಸ್‌ವೀ ಎಂದು ಉಲಿಯಕ್ಕಿಯ ಕೂಗು ಬಂತು. “ಅಲ್ಲಿ!” ಎಂದು ಕೈ ಚಾಚಿದೆ. ಎಲ್ಲರೂ ಬೈನಾಕ್ಯುಲರ್ ಎತ್ತಿದರು. ಅಲ್ಲಿದ್ದದ್ದು ಗೋಡೌನಿನ ತಗಡು. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

ಅಳು ಬಂತು.

ಮತ್ತೆ ಕೂಗಿತು. ತಲೆ ಹೊರಳಿಸಿದೆ, ಸದ್ದು ಸಣ್ಣದಾಯಿತು. ಇತ್ತ ಹೊರಳಿಸಿದೆ, ಚೂರು ಜೋರಾಯಿತು.

“ಏನವ್ವಾ, ತಲೆ ಸುತ್ತುತಾ?” ಅತ್ತೆ ಗಾಬರಿಯಾದರು.

“ಇಲ್ಲ ಅತ್ತೆ. ಬಲಗಿವಿ ಅದ್ರ ಕಡೆ ತಿರುಗಿದ್ರೆ ಜೋರಾಗಿ ಕೇಳ್ಸುತ್ತೆ.”

“ಅಂಗಾದ್ರೆ ದೇವ್ರ ಮುಂದೆ ನಿಂತಲ್ಲೇ ಪ್ರದಕ್ಷಿಣೆ ಆಕ್ತೀವಲ್ಲ, ಅಂಗೇ ಸುತ್ತು. ನಾನು ಇಡ್ಕಂಡಿರ್ತೀನಿ.”

ಸ್ವೆಟರ್, ಮಂಕಿಟೋಪಿ ಸಮೇತ ಕೆರೆ ಏರಿಯ ಮೇಲೆ ಕಣ್ಣು ಮುಚ್ಚಿ ಪ್ರದಕ್ಷಿಣೆ ಹಾಕಿದೆ. ಅತ್ತೆ ನನ್ನ ತೋಳು ಹಿಡಿದು ಸುತ್ತಲೂ ಸುತ್ತಿದರು. ಎರಡನೇ ಸುತ್ತಿನಲ್ಲಿ ಒಂದು ಕಡೆ ಕೂಗು ನಿಚ್ಚಳವಾಗಿ ಕೇಳಿಸಿತು. ನಿಂತೆ. ಬಲಗಿವಿಯ ನೇರಕ್ಕೆ ಕೈ ಚಾಚಿದೆ.

ನಾನು ಕಣ್ಣು ಬಿಡುವ ಮೊದಲೇ ಅತ್ತೆ ಕೂಗಿದರು. “ಐತೆ ಕಣವ್ವಾ! ಅಗೋ, ಅಲ್ಲೇ ಐತೆ!”

ಅವರ ಮೇಲೆ ಕೋಪ ಇಟ್ಟುಕೊಂಡಿರುವುದು ಇನ್ನು ನನ್ನ ಕೈಲಾಗಲಿಲ್ಲ. ಎಡಗಿವಿ ಚೂರು ಸುಧಾರಿಸಿದೆ ಎನ್ನುತ್ತಾರೆ ಡಾಕ್ಟರ್. ನನಗಂತೂ ಗೊತ್ತಾಗುತ್ತಿಲ್ಲ. ಬಂದಷ್ಟು ಬರಲಿ. ಈಗ ಭಾನುವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಾರೆ.