ಬ್ಯಾಟರಿ ಪೆಟ್ಟಿಗೆಯ ಮೇಲೊಂದು ಜಾಮೀನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೋಣಿಕಟ್ಟೆಯ ಅಂಚಿನಲ್ಲಿ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು, ಹಗ್ಗ ಕಟ್ಟಿ ನಿಲ್ಲಿಸಿದ ನೀಲಿ ಬೋಟಿನ ಕಡೆ ಕಿವಿ ಕೊಟ್ಟಿದ್ದಾರೆ. ಪಕ್ಕದಲ್ಲಿ ಡಿಸ್ಟಿಲ್ಡ್ ವಾಟರಿನ ಕ್ಯಾನು, ಹಿಡಿಗೆ ಹಳೆ ಸೈಕಲ್ ಟ್ಯೂಬು ಸುತ್ತಿದ ಎರಡು ಸ್ಪ್ಯಾನರು, ಒಂದು ನಿಂಬೆಹಣ್ಣು. ಅವರ ಬಗ್ಗೆ ಬರೆಯಲು ಬಂದ ನಾನೂ ಹೋಗಿ ಕೂತು ಕಿವಿ ನಿಮಿರಿಸುತ್ತೇನೆ. ನೀರು ಕಂಬಕ್ಕೆ ತಟ್ಟುವ ಸದ್ದು ಬಿಟ್ಟರೆ ನನಗೇನೂ ಕೇಳುವುದಿಲ್ಲ.

“ಏನು ಕೇಳಿಸ್ತಿದೆ ನಿಮಗೆ?”

“ಏನೂ ಇಲ್ಲ ಮೇಡಂ. ಏನೂ ಕೇಳಿಸ್ಬಾರ್ದು ಅಂತಾನೇ ಇಷ್ಟು ಬೇಗ ಬಂದು ಕೂತಿರೋದು,” ಎನ್ನುತ್ತಾರೆ ಅವರು. ಮುಖದಲ್ಲಿ ನಗು ಇದೆ, ಕಣ್ಣು ಮಾತ್ರ ಬೋಟಿನಿಂದ ಕದಲುವುದಿಲ್ಲ.

ಕಟ್ಟೆಯ ಮಂದಿಗೆಲ್ಲ ಇವರು ‘ಬ್ಯಾಟರಿ ಚಿಕ್ಕಮ್ಮ’. ಮೀನಿನ ಬೋಟು, ಮರಳಿನ ಬೋಟು, ಜನರನ್ನು ದಾಟಿಸುವ ಬೋಟು ಯಾವುದೇ ಇರಲಿ, ಬ್ಯಾಟರಿ ಕೈಕೊಟ್ಟರೆ ಮೊದಲು ನೆನಪಾಗುವುದು ಚಿಕ್ಕಮ್ಮನೇ. ಸರಿಹೋದ ಮರುಕ್ಷಣ ಮರೆತುಹೋಗುವುದೂ ಅವರನ್ನೇ. ಬೋಟು ಓಡಿದರೆ ಹೊಗಳಿಕೆಯೆಲ್ಲ ಎಂಜಿನ್ನಿಗೆ, ನಿಂತರೆ ಬೈಗುಳವೆಲ್ಲ ಬ್ಯಾಟರಿಗೆ. ಈ ನ್ಯಾಯ ನನಗಂತೂ ಹಿಡಿಸಲಿಲ್ಲ. ಅವರಿಗೆ ಅಭ್ಯಾಸವಾಗಿದೆ.

ಕಟ್ಟೆಯ ಹಿಂದಿನ ಓಣಿಯಲ್ಲಿ ತಗಡಿನ ಮಾಡಿನ ಒಂದು ಕೋಣೆ, ಅದೇ ಅವರ ಚಾರ್ಜಿಂಗ್ ಶೆಡ್ಡು. ತಂದೆ ನಡೆಸುತ್ತಿದ್ದದ್ದು. ಹಲಗೆಯ ಮೇಲೆ ಸಾಲಾಗಿ ಕೂತ ಬ್ಯಾಟರಿಗಳು ಸಣ್ಣಗೆ ಗುಳುಗುಳು ಎನ್ನುತ್ತಿರುತ್ತವೆ. ಎರಡು ಕಿಟಕಿಗೂ ಬಾಗಿಲೇ ಇಲ್ಲ. ಚಾರ್ಜಾಗುವಾಗ ಏಳುವ ಗ್ಯಾಸು ಒಳಗೆ ನಿಂತರೆ ಒಂದು ಕಿಡಿ ಸಾಕು, ಅದಕ್ಕೇ ತಂದೆ ಬಾಗಿಲು ಕಿತ್ತು ಹಾಕಿದ್ದರಂತೆ. ಕೆಲಸಕ್ಕೆ ಕೂರುವ ಮೊದಲು ಚಿಕ್ಕಮ್ಮ ಬಳೆ, ಉಂಗುರ ಬಿಚ್ಚಿ ಡಬ್ಬಿಗೆ ಹಾಕುತ್ತಾರೆ. ಟರ್ಮಿನಲ್ ಮೇಲೆ ಕಟ್ಟಿದ ಬಿಳಿಹಸಿರು ಪುಡಿಯನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ತಿಕ್ಕುತ್ತಾರೆ. ಆಮೇಲೆ ಒಂದೊಂದೇ ಬದಿಗೆ ಅಂಗೈ ಒತ್ತಿ ನೋಡುತ್ತಾರೆ.

“ಎಲ್ಲಾ ಕಡೆ ಒಂದೇ ಥರ ಬೆಚ್ಚಗಿದ್ರೆ ಚಿಂತೆ ಇಲ್ಲ. ಒಂದು ಮೂಲೆ ಮಾತ್ರ ಸುಡ್ತಿದ್ರೆ ಆ ಸೆಲ್ಲಿಗೆ ಜ್ವರ ಬಂದಿದೆ ಅಂತ ಲೆಕ್ಕ. ಅಪ್ಪ ಹಾಗೇ ಹೇಳಿಕೊಟ್ಟಿದ್ದು.”

ಬೋಟಿನವರ ಎಡವಟ್ಟುಗಳ ಕತೆ ಕೇಳಿದರೆ ಅವರಿಗೆ ಹೊತ್ತುಹೋದದ್ದೇ ತಿಳಿಯುವುದಿಲ್ಲ. ಒಬ್ಬ ಪುಣ್ಯಾತ್ಮ ನಡುನೀರಿನಲ್ಲಿ ಬ್ಯಾಟರಿಯ ನೀರು ಇಳಿದಿದೆಯೆಂದು, ಸುತ್ತ ಇಷ್ಟೊಂದು ನೀರಿರುವಾಗ ಕ್ಯಾನು ಯಾಕೆಂದು, ಉಪ್ಪುನೀರನ್ನೇ ಮೊಗೆದು ಹುಯ್ದನಂತೆ. ಎದ್ದ ಹಳದಿ ಹೊಗೆಗೆ ಕೆಮ್ಮುತ್ತಾ ಕಣ್ಣೀರು ಸುರಿಸುತ್ತಾ ದಡ ಸೇರಿದ. “ಮೀನು ಹಿಡಿಯೋದ್ರಲ್ಲಿ ಎತ್ತಿದ ಕೈ ಮೇಡಂ. ಬ್ಯಾಟರೀನೂ ಮೀನು ಅಂದ್ಕೊಂಡ, ಉಪ್ಪು ಹಾಕ್ಬಿಟ್ಟ,” ಎಂದು ನಗುತ್ತಾರೆ.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅವರ ಮಷೀನು. ಹೆಂಡತಿಯ ಬಟ್ಟೆಗೆ ತೇಪೆ ಹಾಕುವುದು ಅವರ ತಪ್ಪದ ಕೆಲಸ. “ಶೆಡ್ಡಿಂದ ಬರೋವಾಗ ಬಟ್ಟೆ ನೆಟ್ಟಗೇ ಇರತ್ತೆ. ಒಗೆದು ಹರವಿದ ಮೇಲೆ ನೋಡಿ, ಜರಡಿ,” ಎನ್ನುತ್ತಾರೆ ಅವರು. ಆಸಿಡ್ ಹನಿ ಬಿದ್ದದ್ದು ಆಗ ಕಾಣುವುದಿಲ್ಲ, ತೂತು ಒಗೆದ ಮೇಲೇ ಬಾಯಿ ಬಿಡುವುದು. ಚಿಕ್ಕಮ್ಮ ಒಳಗಿನಿಂದಲೇ, “ನನ್ನಿಂದಾನೇ ಇವ್ರ ಮಷೀನು ತುಕ್ಕು ಹಿಡೀದೆ ಉಳಿದಿರೋದು, ಅದನ್ನೂ ಬರ್ಕೊಳ್ಳಿ,” ಎನ್ನುತ್ತಾರೆ. ಬರೆದುಕೊಂಡಿದ್ದೇನೆ.

ಈ ಕಟ್ಟೆಗೊಂದು ಹಳೆಯ ಕಟ್ಟಳೆಯಿದೆ. ಬ್ಯಾಟರಿ ಕೂರಿಸಿದವರು ಆ ಬೋಟಿನ ಮೊದಲ ಟ್ರಿಪ್ಪಿನಲ್ಲಿ ತಾವೂ ಹೋಗಬೇಕು, ಬ್ಯಾಟರಿ ಪೆಟ್ಟಿಗೆಯ ಮೇಲೆಯೇ ಕೂರಬೇಕು. ಇದಕ್ಕೆ ‘ಜಾಮೀನು ಕೂರೋದು’ ಎನ್ನುತ್ತಾರೆ. ಕೆಟ್ಟರೆ ಎಲ್ಲರ ಜೊತೆ ನೀನೂ ನಡುನೀರಿನಲ್ಲಿ ಎಂಬುದು ಅದರ ಅರ್ಥ. ತಮಾಷೆಯೆಂದರೆ ನಮ್ಮ ಚಿಕ್ಕಮ್ಮನಿಗೆ ನೀರೆಂದರೆ ಆಗದು. ಬೋಟು ಒಂಚೂರು ತೂಗಿದರೂ ಹೊಟ್ಟೆ ತೊಳಸುತ್ತದೆ. ನಿಂಬೆಹಣ್ಣು ಅದಕ್ಕೇ. ಹಾಗಂತ ಒಂದು ಟ್ರಿಪ್ಪನ್ನೂ ಅವರು ತಪ್ಪಿಸಿಲ್ಲ.

ಈ ಬೆಳಿಗ್ಗೆ ಅವರು ಜಾಮೀನು ಕೂರಬೇಕಾದದ್ದು ನೀಲಿ ಬೋಟಿನಲ್ಲಿ. ಅದನ್ನು ನಡೆಸುವವರು ಅವರ ಅಕ್ಕನ ಗಂಡ, ಭಾವ. ಹೊಳೆ ಸಮುದ್ರ ಸೇರುವ ಈ ಅಗಲದಲ್ಲಿ ಜನರನ್ನು ದಾಟಿಸಲು ಇರುವುದು ಇದೊಂದೇ ಬೋಟು. ಆಸ್ಪತ್ರೆ, ಹೈಸ್ಕೂಲು, ಸಂತೆ ಎಲ್ಲ ಆಚೆ ದಡದಲ್ಲಿ. ಸೇತುವೆ ಬಳಸಿ ಹೋದರೆ ಅರ್ಧ ದಿನ ರಸ್ತೆಯಲ್ಲೇ ಕಳೆಯುತ್ತದೆ.

ಹೋದ ತಿಂಗಳು, ನೀರಿನೊಳಗೆ ತಿರುಗಿ ಬೋಟನ್ನು ಮುಂದೆ ತಳ್ಳುವ ಫ್ಯಾನಿಗೆ ನಡುನೀರಿನಲ್ಲಿ ಹಳೆ ಬಲೆ ಸುತ್ತಿಕೊಂಡಿತು. ಭಾವ ಎಂಜಿನ್ ಆಫ್ ಮಾಡಿ ಅದನ್ನು ಬಿಡಿಸಿದರು, ಮತ್ತೆ ಕೀ ತಿರುಗಿಸಿದರೆ ಕಟಕಟ ಎಂದು ಸುಮ್ಮನಾಯಿತು. ತುಂಬಿದ ಬೋಟು ಹರಿವಿಗೆ ಸಿಕ್ಕಿ ತೇಲತೊಡಗಿತು. ಮೀನಿನ ಬೋಟೊಂದು ಬಂದು ಎಳೆದು ತರುವವರೆಗೆ ಜನ ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ದೋಣಿ ಸಂಘದವರು ಖಡಾಖಂಡಿತ ಹೇಳಿಬಿಟ್ಟರು: ಇನ್ನೊಂದು ಸಲ ಹೀಗಾದರೆ ಬೋಟನ್ನು ದಡಕ್ಕೆಳೆದು ಗುಜರಿಗೆ ಕೊಡುತ್ತೇವೆ.

ಚಿಕ್ಕಮ್ಮ ಹೊಸ ಬ್ಯಾಟರಿ ಹಾಕಿದರು, ಜಾಮೀನೂ ಕೂತರು. ವಾರದೊಳಗೆ ಅದೂ ಬೆಳಿಗ್ಗೆ ಬೆಳಿಗ್ಗೆ ಸತ್ತು ಮಲಗತೊಡಗಿತು. ಚಾರ್ಜ್ ಮಾಡಿ ಕೂರಿಸಿದರೆ ಒಂದೆರಡು ದಿನ, ಮತ್ತೆ ಅದೇ ಹಾಡು. ಆಚೆ ದಡದಲ್ಲಿ ಜನ ಹತ್ತಿ ಇಳಿಯುವಾಗಲೂ ಭಾವ ಎಂಜಿನ್ ಆಫ್ ಮಾಡುವುದನ್ನೇ ಬಿಟ್ಟರು. ಆಫಾದರೆ ಮತ್ತೆ ಹೊತ್ತಿಕೊಳ್ಳುತ್ತದೆಂಬ ನಂಬಿಕೆ ಇರಲಿಲ್ಲ. ಒಂದು ದಿನ ಪ್ರಯಾಣಿಕರ ಎದುರಿಗೇ, “ಹೊಸದು ಅಂತ ಹಳೇದಕ್ಕೆ ಬಣ್ಣ ಬಳಿದು ಕೂರಿಸಿದೀಯಾ?” ಎಂದು ಕೇಳಿಬಿಟ್ಟರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

“ಕೈ ಮೇಲೆ ಎಷ್ಟೋ ಸಲ ಆಸಿಡ್ ಬಿದ್ದಿದೆ ಮೇಡಂ. ಆ ಮಾತಿನಷ್ಟು ಯಾವುದೂ ಸುಟ್ಟಿಲ್ಲ. ನನ್ನನ್ನ ಎತ್ತಿ ಆಡಿಸಿದ ಭಾವ ಅವರು,” ಎನ್ನುತ್ತಾರೆ.

ಅಳುತ್ತಾ ಕೂರುವ ಪೈಕಿ ಅಲ್ಲ ಚಿಕ್ಕಮ್ಮ. ಮೊನ್ನೆ ಯಾರೂ ಏಳುವ ಮೊದಲೇ ಕಟ್ಟೆಗೆ ಬಂದು ನೀಲಿ ಬೋಟಿನ ಪಕ್ಕ ಕೂತರು. ಬೋಟಿನ ತಳದಲ್ಲಿ ನೀರು ಸೇರಿದರೆ ಎತ್ತಿ ಹೊರಗೆ ಚೆಲ್ಲಲು ಒಂದು ಪುಟ್ಟ ಪಂಪಿರುತ್ತದೆ. ಬೋಟಿನಲ್ಲಿ ಯಾರೂ ಇಲ್ಲದಾಗಲೂ ತಾನಾಗಿ ಓಡಬೇಕಾದ್ದರಿಂದ, ಮೇನ್ ಸ್ವಿಚ್ ಆಫ್ ಇದ್ದರೂ ಅದಕ್ಕೆ ಬ್ಯಾಟರಿಯಿಂದ ಕರೆಂಟು ಹೋಗುತ್ತಿರುತ್ತದೆ. ಅವತ್ತು ಅದು ಗುರ್ ಎನ್ನುತ್ತಿತ್ತು. ಬೋಟಿನ ಪಕ್ಕೆಯ ತೂತಿನಿಂದ ನೀರು ಸುರಿಯುತ್ತಿತ್ತು. ನಿಂತಿತು, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಬೆಳಕು ಹರಿಯುವ ಹೊತ್ತಿಗೆ ಸದ್ದು ಸಣ್ಣಗಾಗಿ, ಎಳೆದೆಳೆದು, ಸತ್ತೇಹೋಯಿತು.

“ಅಲ್ಲೇ ಅರ್ಥ ಆಯ್ತು. ಬೆಳಿಗ್ಗೆ ಬಂದು ನೋಡಿದ್ರೆ ಬ್ಯಾಟರಿ ಸತ್ತಿರೋದು, ತಳದಲ್ಲಿ ನೀರು ನಿಂತಿರೋದು. ಬ್ಯಾಟರಿ ಸತ್ತಿದ್ದಕ್ಕೇ ನೀರು ನಿಂತಿದೆ ಅಂತ ಭಾವ ಅಂದ್ಕೊಂಡಿದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ. ಆಗಿದ್ದು ಉಲ್ಟಾ. ನೀರು ಬಂದಿದ್ದಕ್ಕೇ ಬ್ಯಾಟರಿ ಸತ್ತಿದ್ದು. ಪಾಪ, ರಾತ್ರಿಯೆಲ್ಲಾ ಪಂಪು ಓಡಿಸಿ ಬೋಟು ಮುಳುಗದ ಹಾಗೆ ನೋಡ್ಕೊಂಡಿದೆ. ಬೆಳಿಗ್ಗೆ ಎದ್ದು ನಾವೆಲ್ಲಾ ಸೇರಿ ಅದಕ್ಕೇ ಬೈತಿದ್ವಿ.”

ಫ್ಯಾನಿನ ಶಾಫ್ಟು ಬೋಟಿನಿಂದ ಹೊರಗೆ ಹಾದುಹೋಗುವ ತೂತಿನಲ್ಲಿ, ನೀರು ಒಳಗೆ ಬಾರದಂತೆ ತುರುಕಿದ ಪ್ಯಾಕಿಂಗ್ ಸವೆದಿತ್ತು. ಬಹುಶಃ ಅವತ್ತು ಬಲೆ ಸುತ್ತಿಕೊಂಡಾಗಲೇ ಪೂರ್ತಿ ಕಿತ್ತುಹೋಗಿರಬೇಕು. ಚಿಕ್ಕಮ್ಮ ಅಕ್ಕನ ಕೈಯಲ್ಲಿ ಹೇಳಿಕಳಿಸಿದರು. ಭಾವ ನಿನ್ನೆ ಬೋಟು ಮೇಲೆಳೆಸಿ ಹೊಸ ಪ್ಯಾಕಿಂಗ್ ಹಾಕಿಸಿದರು. ಸಂಜೆ ಚಿಕ್ಕಮ್ಮ ಅದೇ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಕೂರಿಸಿದರು. ಈಗ ಅವರು ಕಿವಿ ಕೊಟ್ಟು ಕೂತಿರುವುದು ಆ ಪಂಪಿನ ಸದ್ದಿಗೆ.

ಬೆಳಕಾಗುತ್ತದೆ. ಪಂಪು ಸುಮ್ಮನೇ ಇದೆ. ಯೂನಿಫಾರ್ಮಿನ ಮಕ್ಕಳು, ತರಕಾರಿ ಬುಟ್ಟಿಗಳು, ಆಸ್ಪತ್ರೆಯ ಚೀಟಿ ಹಿಡಿದ ಒಬ್ಬ ಅಜ್ಜ ಕಟ್ಟೆಗೆ ಬರುತ್ತಾರೆ. ಸಂಘದವರೂ ಇಬ್ಬರು ಬಂದು, ನಮಗೇನೂ ಸಂಬಂಧವಿಲ್ಲ ಎಂಬಂತೆ ದೂರದಲ್ಲಿ ನಿಲ್ಲುತ್ತಾರೆ. ಭಾವ ಬರುತ್ತಾರೆ, ನಾದಿನಿಯ ಮುಖ ನೋಡುವುದಿಲ್ಲ.

“ನಿಮಗೆ ಏನಾಗ್ಬೇಕು ಅಂತ ಆಸೆ?” ಎಂದು ಕೇಳುತ್ತೇನೆ. ಇಂಥ ಲೇಖನಕ್ಕೆ ಕೇಳಲೇಬೇಕಾದ ಪ್ರಶ್ನೆ ಅದು.

“ದೊಡ್ಡದೇನಿಲ್ಲ. ಆಚೆ ದಡದಲ್ಲಿ ಭಾವ ಎಂಜಿನ್ ಆಫ್ ಮಾಡ್ಬೇಕು. ಅಷ್ಟೇ.”

ಕೀ ತಿರುಗುತ್ತದೆ. ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತದೆ. ಯಾರೋ ಸಿಳ್ಳೆ ಹಾಕುತ್ತಾರೆ. ಭಾವನ ಮುಖದ ಗಂಟು ಬಿಚ್ಚುವುದಿಲ್ಲ. ಚಿಕ್ಕಮ್ಮ ಪೆಟ್ಟಿಗೆಯ ಮೇಲೆ ಕೂತು ಕಣ್ಣು ಮುಚ್ಚಿ ನಿಂಬೆಹಣ್ಣು ಮೂಸುತ್ತಾರೆ. ಅಲೆ ತಟ್ಟಿದಾಗೆಲ್ಲ ಎದುರು ಕೂತ ಅಜ್ಜ, “ಇನ್ನೇನು ಬಂದೇಬಿಡ್ತು ಮಗಳೇ,” ಎಂದು ಸಮಾಧಾನ ಹೇಳುತ್ತಾನೆ. ಆಸ್ಪತ್ರೆಗೆ ಹೊರಟವನು ಅವನು.

ಆಚೆ ದಡ ಮುಟ್ಟುತ್ತದೆ. ಜನ ಇಳಿಯುತ್ತಾರೆ, ಎಂಜಿನ್ ಗುಡುಗುಡು ಎನ್ನುತ್ತಲೇ ಇದೆ. ಭಾವ ಹಗ್ಗ ಕಟ್ಟಿ ಬಂದು, ಕೀ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಲ್ಲುತ್ತಾರೆ. ಆಮೇಲೆ ಆಫ್ ಮಾಡುತ್ತಾರೆ. ಅಂಗಡಿಯ ರೇಡಿಯೋ, ಮಕ್ಕಳ ಗಲಾಟೆ, ಕಾಗೆಯ ಕೂಗು ಎಲ್ಲವೂ ಒಟ್ಟಿಗೆ ಕೇಳತೊಡಗುತ್ತವೆ. ಚಿಕ್ಕಮ್ಮ ಕಣ್ಣು ಬಿಡುತ್ತಾರೆ.

“ಇಳಿ, ಟೀ ಕುಡಿಯೋಣ,” ಎನ್ನುತ್ತಾರೆ ಭಾವ.

“ಆಫ್ ಮಾಡ್ಬಿಟ್ರಲ್ಲ ಭಾವ.”

“ನೀನು ಹಾಕಿದ ಬ್ಯಾಟರಿ ತಾನೆ?” ಎಂದವರೇ ಕೀ ಕಿತ್ತು ಜೇಬಿಗೆ ಹಾಕಿಕೊಂಡು, ಹಿಂದೆ ತಿರುಗಿಯೂ ನೋಡದೆ ಟೀ ಅಂಗಡಿಯ ಕಡೆ ನಡೆಯುತ್ತಾರೆ.

ಟೀ ಮುಗಿಸಿ ಬಂದು ಕೀ ತಿರುಗಿಸಿದಾಗ ಬೋಟು ಮೊದಲಿನಂತೆಯೇ ಒಂದೇ ಸಲಕ್ಕೆ ಹೊರಡುತ್ತದೆ. ವಾಪಸ್ ಬರುವಾಗ ಚಿಕ್ಕಮ್ಮ ಪೆಟ್ಟಿಗೆಯ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ನಿಂಬೆಹಣ್ಣು ಎಲ್ಲೋ ಬಿದ್ದುಹೋಗಿದೆ, ಅದರ ನೆನಪೂ ಅವರಿಗಿಲ್ಲ.

“ಸ್ಟಾರ್ಟ್ ಆಗತ್ತೆ ಅಂತ ನಂಗೆ ಗೊತ್ತಿತ್ತು ಮೇಡಂ. ಅವರು ಕೀ ಜೇಬಿಗೆ ಹಾಕ್ಕೊಂಡು ಟೀಗೆ ಹೋಗ್ತಾರೆ ಅಂತ ಗೊತ್ತಿರ್ಲಿಲ್ಲ.”